ಮೋಟ್ರು ಅಂಗಡಿಯಲ್ಲಿ ಜಾವಾ

೧೯೯೪ನೇ ಇಸವಿಯಲ್ಲಿ ನಾನು ಓದು ಬಿಟ್ಟೆ. ಎಂಟನೇ ಕ್ಲಾಸು ಪಾಸಾಗಿಯೇ ಬಿಟ್ಟವನು, ಫೇಲಾಗಿ ಅಲ್ಲ. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನನ್ನ ಚಾಳಿ. ಮಳವಳ್ಳಿಯಲ್ಲಿ ಸೋದರಮಾವನ ಮೋಟ್ರು ರಿಪೇರಿ ಅಂಗಡಿಯಿತ್ತು. ಅಲ್ಲಿ ಏಳು ವರ್ಷ ತಾಮ್ರದ ತಂತಿ ಸುತ್ತಿ, ಆಮೇಲೆ ಮದ್ದೂರಿನಲ್ಲಿ ನನ್ನದೇ ಬೋರ್ಡು ಹಾಕಿದೆ. ಸುಟ್ಟ ಪಂಪ್‌ಸೆಟ್ ಮೋಟ್ರನ್ನು ಮಾರನೇ ದಿನ ತಿರುಗುವ ಹಾಗೆ ಮಾಡಿ ಕೊಡುವವನು ಅಂತ ಸುತ್ತಲಿನ ಹತ್ತಾರು ಹಳ್ಳಿಯಲ್ಲಿ ನನ್ನ ಹೆಸರಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಜಾವಾ ನನ್ನ ಅಂಗಡಿಗೆ ಬಂದದ್ದು ಅಣ್ಣನ ಮಗಳ ಜೊತೆ. ಅವಳು ಬಿಸಿಎ ಸೇರಿದ ಹೊಸತರಲ್ಲಿ ಲ್ಯಾಪ್‌ಟಾಪಿನಲ್ಲಿ ಜಾವಾ ಅನ್ನುವ ಪ್ರೋಗ್ರಾಮ್ ಬರೆಯುವ ಭಾಷೆ ಕೂರಲಿಲ್ಲ. ನಾನು ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು, ನಿಲ್ಲಿಸಿಕೊಂಡು, ಮತ್ತೆ ಹಿಂದಕ್ಕೆ ಎಳೆದುಕೊಂಡು, ಎರಡು ಗಂಟೆಯಲ್ಲಿ ಕೂರಿಸಿಬಿಟ್ಟೆ. ಕಮಾಂಡು ಹೊಡೆಯುವ ಕಪ್ಪು ಕಿಟಕಿಯಲ್ಲಿ ‘ಹಲೋ’ ಅಂತ ಬಂತು. ಅವಳು ಕಾಲೇಜಿಗೆ ಹೋಗಿ, ‘ನಮ್ ಚಿಕ್ಕಪ್ಪಂಗೆ ಜಾವಾ ಬತ್ತದೆ’ ಅಂದಳಂತೆ. ಇಲ್ಲ ಕಣಮ್ಮ, ನಂಗೆ ಬರಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಆಮೇಲೆ ಮಕ್ಕಳು ಬರತೊಡಗಿದರು. ಹೋಮ್‌ವರ್ಕಿನ ಪ್ರೋಗ್ರಾಮ್ ಓಡದಿದ್ದರೆ ನಾನು ಮಾಡುತ್ತಿದ್ದ ಕೆಲಸ ಒಂದೇ. ಮೋಟ್ರಿನಲ್ಲಿ ಕಾಯಿಲಿನ ತುದಿಗಳನ್ನು ಜೋಡಿ ನೋಡುವ ಹಾಗೆ ತೆರೆದ ಬ್ರಾಕೆಟ್ಟಿಗೆಲ್ಲ ಮುಚ್ಚುವ ಬ್ರಾಕೆಟ್ಟು ಇದೆಯೇ ಅಂತ ಬೆರಳಿಟ್ಟು ಎಣಿಸುವುದು. ಎಷ್ಟೋ ಸಲ ತಪ್ಪು ಅಲ್ಲೇ ಸಿಗುತ್ತಿತ್ತು. ಸಿಗದೇ ಹೋದಾಗ, ‘ಇದನ್ನ ನೀನೇ ಯೋಚ್ನೆ ಮಾಡು, ಆಗ್ಲೇ ಕಲಿಯೋದು’ ಅಂತ ಮೇಷ್ಟರ ಗತ್ತಿನಲ್ಲಿ ಹೇಳಿ ಒಳಗೆ ಹೋಗಿ ನೀರು ಕುಡಿಯುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ತಾಲ್ಲೂಕಿನ ಕೊಪ್ಪದಿಂದ ಒಬ್ಬಳು ಹುಡುಗಿ ಬಂದಳು. ಕೊನೇ ವರ್ಷದವಳು. ಮಾರನೇ ದಿನ ಬೆಳಿಗ್ಗೆ ಮಂಡ್ಯದ ಕಾಲೇಜಿನಲ್ಲಿ ತನ್ನ ಲ್ಯಾಪ್‌ಟಾಪಿನಲ್ಲೇ ಪ್ರಾಜೆಕ್ಟ್ ಓಡಿಸಿ ತೋರಿಸಬೇಕಿತ್ತು. ಓಡದಿದ್ದರೆ ಆ ಪೇಪರ್ ಹೋದ ಹಾಗೆಯೇ. ಡೇಟಾಬೇಸ್ ಸರಿಯಾಗಿತ್ತು, ಜಾವಾ ಮಾತ್ರ ಹಳೇದು. ಹೊಸದು ಹಾಕಿದರೂ ಕಂಪ್ಯೂಟರು ಹಳೇದನ್ನೇ ಹಿಡಿಯುತ್ತಿತ್ತು.

‘ಅಷ್ಟೇನಾ? ಕೂತ್ಕೊ’ ಅಂದೆ.

ಯಾವ ಕಮಾಂಡನ್ನು ಯಾವ ಫೋಲ್ಡರಿನಲ್ಲಿ ಹುಡುಕಬೇಕು ಅಂತ ಕಂಪ್ಯೂಟರಿಗೆ ದಾರಿ ತೋರಿಸುವ ಒಂದು ಪಟ್ಟಿಯಿರುತ್ತದೆ. ಪಾತ್ ಅಂತ ಅದರ ಹೆಸರು. ತೆಗೆದು ನೋಡಿದರೆ ಹದಿನೈದಿಪ್ಪತ್ತು ಸಾಲು ಕಿಕ್ಕಿರಿದಿತ್ತು. ನನ್ನ ಕಸುಬಿನ ಮೊದಲ ಪಾಠ ಏನೆಂದರೆ, ಹಳೇ ತಂತಿ ಒಂದೆಳೆಯೂ ಉಳಿಯದ ಹಾಗೆ ಕಿತ್ತು, ತಂತಿ ಕೂರುವ ಸಂದುಗಳನ್ನು ಒರೆಸಿ, ಆಮೇಲೆ ಹೊಸ ತಂತಿ ತುಂಬಬೇಕು. ಹಾಗೇ ಮಾಡಿದೆ. ಎಲ್ಲ ಸಾಲನ್ನೂ ಅಳಿಸಿ, ಹೊಸ ಜಾವಾದ ಒಂದೇ ಸಾಲು ಬರೆದು, ಓಕೆ ಒತ್ತಿದೆ. ಹೊಸ ಕಪ್ಪು ಕಿಟಕಿ ತೆರೆದೆ. ಜಾವಾ ಓಡಿತು. ನಾನು ಕೈ ಒರೆಸಿಕೊಂಡು ಟೀ ತರಿಸಿದೆ.

ಟೀ ಮುಗಿಯುವುದರೊಳಗೆ ಅವಳು ಡೇಟಾಬೇಸಿನ ಕಮಾಂಡು ಹೊಡೆದಳು. ಅಂಥದ್ದು ಯಾವುದೂ ಇಲ್ಲ ಅಂತ ಉತ್ತರ ಬಂತು. ಇನ್ನೊಂದು ಹೊಡೆದಳು, ಅದೂ ಇಲ್ಲ.

‘ಅಂಕಲ್, ಪಟ್ಟಿಲಿ ಮೊದ್ಲಿದ್ದದ್ದೆಲ್ಲ ಎಲ್ಲೋಯ್ತು?’

‘ಅವೆಲ್ಲ ಬೇಕಿಲ್ಲ ಕಣಮ್ಮ. ಒಂದ್ಸಲ ಆಫ್ ಮಾಡಿ ಆನ್ ಮಾಡುದ್ರೆ ಸರಿ ಓಯ್ತದೆ.’

ಸರಿ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆಫ್ ಆಗಿ ಆನ್ ಆಗುವಷ್ಟು ಹೊತ್ತು ಸಿಕ್ಕಿದರೆ ಇನ್ನೊಂದು ಸುಳ್ಳು ಹೊಳೆದೀತು ಅನ್ನುವುದಷ್ಟೇ ಲೆಕ್ಕ. ಮೋಟ್ರಿಗಾಗಿ ಕಾಯುತ್ತ ಸ್ಟೂಲಿನ ಮೇಲೆ ಕೂತಿದ್ದ ಹೊಳಲಿನ ಗೌಡರು ನನ್ನ ಮುಖ ನೋಡಿದರು.

‘ಏನ್ಲಾ, ಆ ಎಣ್ಮಗೀನ ಕಂಪ್ಯೂಟ್ರೂ ಸುಟ್ಟಾಕ್ಬುಟ್ಯಾ?’

‘ಇಲ್ಲ ಬುಡಿ ಗೌಡ್ರೆ.’

‘ಮತ್ಯಾಕ್ಲಾ ಇಂಗ್ ಬೆವರ್ತಿದ್ದೀಯೆ? ಫ್ಯಾನ್ ಸುತ್ತೋನ್ ಅಂಗ್ಡೀಲೆ ಫ್ಯಾನಿಲ್ವಾ?’

ಫ್ಯಾನು ತಿರುಗುತ್ತಲೇ ಇತ್ತು. ಹುಡುಗಿ ನಗಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು, ಆದರೂ ನಾನು ಹೇಳಿದೆನಲ್ಲ ಅಂತ ಆಫ್ ಮಾಡುವ ಗುಂಡಿಯ ಕಡೆಗೆ ಮೌಸಿನ ಬಾಣ ಒಯ್ಯುತ್ತಿದ್ದಳು. ಅದನ್ನು ನೋಡಲು ಆಗಲಿಲ್ಲ.

‘ತಡಿಯಮ್ಮ’ ಅಂದೆ. ‘ಆಫ್ ಮಾಡಿದ್ರೆ ಏನೂ ಆಗಲ್ಲ. ಪಟ್ಟಿ ಪೂರ್ತಿ ಅಳಿಸಾಕಿದ್ದು ನಾನೇ. ಅದರಲ್ಲಿ ಏನೇನಿತ್ತು ಅಂತ ನಂಗೆ ಗೊತ್ತಿಲ್ಲ. ನಂಗೆ ಜಾವಾನೂ ಬರಲ್ಲ. ಬ್ರಾಕೆಟ್ ಎಣ್ಸೋದು ಒಂದು ಬತ್ತದೆ.’

ಗೌಡರು ಬೀಡಿ ಹಚ್ಚುವುದನ್ನು ನಿಲ್ಲಿಸಿದರು. ಹುಡುಗಿ ಬಯ್ಯಲಿಲ್ಲ. ಪರದೆಯ ಕೆಳಗಿನ ಅಂಚಿನಿಂದ ಇನ್ನೊಂದು ಕಪ್ಪು ಕಿಟಕಿಯನ್ನು ಮೇಲೆ ತಂದಳು. ಬೆಳಿಗ್ಗೆ ಮನೆಯಲ್ಲಿ ತೆರೆದು, ಮುಚ್ಚದೆ ಹಾಗೇ ಬಿಟ್ಟಿದ್ದದ್ದು.

‘ಇದು ನೀವು ಅಳಿಸೋಕ್ ಮುಂಚೆ ಓಪನ್ ಆಗಿದ್ದು ಅಂಕಲ್. ಇದಕ್ಕೆ ಹಳೇದು ಗ್ಯಾಪ್ಕ ಇರ್ಬೌದು.’

ಅದರಲ್ಲಿ ಪಾತ್ ಅಂತ ಹೊಡೆದಳು. ಅಳಿಸಿದ್ದ ಸಾಲುಗಳೆಲ್ಲ ಒಂದೇ ಉಸಿರಿಗೆ ಪರದೆ ತುಂಬ ಬಂದವು. ಆಫ್ ಮಾಡಿದ್ದರೆ ಆ ಕಿಟಕಿಯೂ ಹೋಗಿರುತ್ತಿತ್ತು. ಅದು ಅರ್ಥವಾದಾಗ ನಾನು ಅಲ್ಲೇ ಬಿದ್ದಿದ್ದ ಮೋಟ್ರಿನ ಮೇಲೆ ಕೂತೆ.

ಅವಳು ಎಲ್ಲವನ್ನೂ ಕಾಪಿ ಮಾಡಿ ವಾಪಸು ಹಾಕಿದಳು. ಹಳೇ ಜಾವಾದ ಒಂದು ಸಾಲನ್ನು ಮಾತ್ರ ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸಿದಳು. ಜಾವಾ ಓಡಿತು, ಡೇಟಾಬೇಸೂ ಮಾತಾಡಿತು. ನನ್ನ ಎರಡು ಗಂಟೆಯ ವಿದ್ಯೆಯಲ್ಲಿ ಬೇಕಾಗಿದ್ದದ್ದು ಇಷ್ಟೇ: ಒಂದು ಸಾಲು.

‘ಮಗ, ನನ್ ಮೋಟ್ರೂ ನೀನೇ ನೋಡ್ಬುಡವ್ವ’ ಅಂದರು ಗೌಡರು.

ಮಾರನೇ ದಿನ ಮಧ್ಯಾಹ್ನ ಮಂಡ್ಯದಿಂದ ಅವಳ ಫೋನ್ ಬಂತು. ಪ್ರಾಜೆಕ್ಟ್ ಓಡಿತಂತೆ. ಬೇರೆಯವರ ಲ್ಯಾಪ್‌ಟಾಪ್ ಮುಟ್ಟುವ ಮುಂಚೆ ಪಾತ್ ಬರೆದಿಟ್ಟುಕೊಳ್ಳಿ ಅಂಕಲ್ ಅಂತಲೂ ಹೇಳಿದಳು. ಹೂಂ ಅಂದೆ. ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಬಂದವರಿಗೆ ನನಗೆ ಏನು ಬರುತ್ತದೆ, ಏನು ಬರಲ್ಲ ಅಂತ ಮೊದಲೇ ಹೇಳುತ್ತೇನೆ. ಮಕ್ಕಳು ಕಮ್ಮಿಯಾದರು, ಪೂರ್ತಿ ನಿಲ್ಲಲಿಲ್ಲ.

ಈಗ ನನ್ನ ಹತ್ತಿರ ಇರುವುದು: ತಂತಿ ಸುತ್ತುವ ಮೆಷಿನ್ನು ಎರಡು, ಇನ್ನೂರು ಪುಟದ ನೋಟ್‌ಬುಕ್ಕು ಒಂದು, ಅದರಲ್ಲಿ ಕೈಯಲ್ಲೇ ಬರೆದಿಟ್ಟ ಪಾತ್ ಹತ್ತೊಂಬತ್ತು, ಭಾನುವಾರ ಬರುವ ಮಕ್ಕಳು ಐದು.