ಸಹಿ ಪಟ್ಟಿಯಲ್ಲಿ ಹೋಳಿಗೆ

ಅಮೆರಿಕದ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಫಿಲಿಪೀನ್ಸ್‌ನ ಅಜ್ಜಿ ತಮ್ಮ ದೇಶದಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ನಡೆಸಿದವರು. ಜೈಲಿನಲ್ಲಿರುವವರ ಪರವಾಗಿ ಸರ್ಕಾರದ ಜೊತೆ ಜಗಳವಾಡಿ, ತಾವೂ ಒಮ್ಮೆ ಒಳಗೆ ಹೋಗಿ ಬಂದವರು. ಈಗ ಮಗಳ ಮನೆಯಲ್ಲಿದ್ದುಕೊಂಡು, ನಾನು ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆದದ್ದಕ್ಕೆ ಮಾರ್ಕ್ಸ್ ಕೊಡುತ್ತಿದ್ದರು. ಬೆರಳು ತೋರಿಸುವವರಲ್ಲ, ಅವರ ಕಡೆಯ ರೂಢಿಯಂತೆ ತುಟಿ ಮುಂದೆ ಚಾಚಿ 'ಅಲ್ಲಿ ಬಿಟ್ಟಿದ್ದೀಯ' ಎಂದು ತೋರಿಸುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ತುಟಿ ಕಂಡರೆ ಮಾತ್ರ ನಗು ಬರುತ್ತಿತ್ತು.

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ನಮ್ಮ ಕನ್ನಡ ಬಳಗದ ಯುಗಾದಿ ಪಾಟ್‌ಲಕ್‌ಗೆ ಅವರನ್ನು ಕರೆದೆ. ಒಂದು ಟ್ರೇ ನೂಡಲ್ಸ್ ಜೊತೆ ಒಂದು ಪತ್ರವನ್ನೂ ತಂದರು. ಅವರ ಹಳೆಯ ವಿದ್ಯಾರ್ಥಿನಿ, ಈಗ ಶಾಲಾ ಶಿಕ್ಷಕಿ, ಊರಿನವರ ಜಮೀನಿನ ಪರ ಮಾತಾಡಿದ್ದಕ್ಕೆ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದಳು. ಅವರ ದೇಶದ ಸರ್ಕಾರವನ್ನು ಅವಳ ಬಿಡುಗಡೆ ಕೇಳುವ ಆ ಪತ್ರಕ್ಕೆ ಸಹಿ ಬೇಕಿತ್ತು.

"ಇಲ್ಲಿ ಪಾಲಿಟಿಕ್ಸ್ ಬೇಡ ಮೇಡಂ," ಎಂದೆ. ಊಟದ ಟೇಬಲ್ಲಿನ ಉಸ್ತುವಾರಿ ನನ್ನದಾಗಿತ್ತು. ಆದರೆ ನಿಜವಾದ ಕಾರಣ ಅದಲ್ಲ. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಇಂಥ ಪತ್ರದಲ್ಲಿ ಹೆಸರು ಕಂಡರೆ ಅದು ಸಿಗದೇ ಹೋದೀತೆಂದು ಹೆದರಿದ್ದೆ.

ಅಜ್ಜಿ ತುಟಿಯಿಂದ ಮಜ್ಜಿಗೆ ಪಾತ್ರೆ ತೋರಿಸಿದರು. "ಹಾಗಾದ್ರೆ ಅಲ್ಲಿ ಇಟ್ಟಿರ್ತೀನಿ. ಕಾಗದ ಮಾತಾಡಲ್ಲ."

ನಮ್ಮವರು ಗೊತ್ತಲ್ಲ. ಊಟದ ಪಕ್ಕ ಕಾಗದ, ಪೆನ್ನು ಕಂಡರೆ ಅದು ಮುಂದಿನ ಪಾಟ್‌ಲಕ್‌ಗೆ ಯಾರು ಏನು ತರುತ್ತಾರೆಂದು ಬರೆಯುವ ಸೈನ್ ಅಪ್ ಶೀಟೇ ಸರಿ. ಮೇಲೆ ಏನಿದೆ ಎಂದು ಓದುವವರು ಯಾರು? ಸುಲಭದ ಐಟಂ ಬೇರೆಯವರ ಪಾಲಾದೀತೆಂದು ಸಾಲು ನಿಂತು ಬರೆದರು. ಒಂದು ಹೆಸರಿನ ಮುಂದೆ ಚಿತ್ರಾನ್ನ, ಇನ್ನೊಂದರ ಮುಂದೆ ಕೋಸಂಬರಿ. ಒಬ್ಬರಂತೂ 'ಪೇಪರ್ ಪ್ಲೇಟ್' ಎಂದು ಬರೆದು ಜಾರಿಕೊಂಡಿದ್ದರು.

ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಅಜ್ಜಿ ನಗಲಿಲ್ಲ. "ಓದದೆ ಹಾಕಿದ ಸಹಿ ನನಗೆ ಬೇಡ," ಎಂದು ಪಟ್ಟಿ ಹಿಡಿದು ಒಬ್ಬೊಬ್ಬರ ಹತ್ತಿರವೂ ಹೋಗಿ ಪತ್ರ ಓದಿ ಹೇಳಿದರು.

"ನಾನು ಬಿಸಿಬೇಳೆಬಾತ್‌ಗೆ ಸೈನ್ ಅಪ್ ಮಾಡಿದ್ದು ಕಣಮ್ಮಾ, ಇದೇನಿದು ಜೈಲು ಗೀಲು?" ಎಂದು ಮಾರಿಸ್‌ಟೌನ್‌ನ ಅಂಕಲ್ ನನ್ನ ಕಡೆ ತಿರುಗಿದರು. ಪೂರ್ತಿ ಕೇಳಿದ ಮೇಲೆ, "ಇರ್ಲಿ ಬಿಡು, ಹೆಸರು ಹಾಗೇ ಇರ್ಲಿ," ಎಂದರು. ಪೇಪರ್ ಪ್ಲೇಟಿನವರು ತಮ್ಮ ಹೆಸರಿನ ಮೇಲೆ ಗೀಟು ಎಳೆದರು.

ಕೊನೆಗೆ ಅಜ್ಜಿ ನನ್ನ ಮುಂದೆ ನಿಂತು ಕೆಳಗಿನ ಖಾಲಿ ಜಾಗದ ಕಡೆ ತುಟಿ ಚಾಚಿದರು. ಈ ಸಲ ನಗು ಬರಲಿಲ್ಲ, ನಾಚಿಕೆಯಾಯಿತು. ಸಹಿ ಹಾಕಿದೆ. ಹೆದರಿಕೆ ಮುಚ್ಚಿಕೊಳ್ಳಲು ಪಕ್ಕದಲ್ಲಿ 'ಹೋಳಿಗೆ' ಎಂದೂ ಬರೆದೆ.

ಪತ್ರ ಅಡುಗೆಗಳ ಹೆಸರು ಸಮೇತ ಅಲ್ಲಿನ ಸರ್ಕಾರಕ್ಕೆ ಹೋಯಿತು. ಒಂದು ಪ್ರತಿ ಜೈಲಿಗೂ ಹೋಯಿತು. ಎಷ್ಟೋ ತಿಂಗಳ ಮೇಲೆ ಶಿಕ್ಷಕಿಯ ಉತ್ತರ ಬಂದಾಗ ಅಜ್ಜಿ ಬೇಲಿಯ ಹತ್ತಿರ ನಿಂತು ಓದಿ ಹೇಳಿದರು. ಅವಳನ್ನು ಇನ್ನೂ ಬಿಟ್ಟಿರಲಿಲ್ಲ. ಆದರೆ ಅವಳ ಜೊತೆಯ ಹೆಂಗಸರು ದಿನಾ ಊಟದ ಹೊತ್ತಿಗೆ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿಕೊಂಡು ಆಮೇಲೆ ತಟ್ಟೆಗೆ ಕೈ ಹಾಕುತ್ತಿದ್ದರಂತೆ.

"ಹೋಳಿಗೆ ಅಂದ್ರೆ ಏನು ಅಂತ ಕೇಳಿದ್ದಾಳೆ," ಎಂದರು ಅಜ್ಜಿ. "ನೀನೇ ಬರಿ."

ಆ ಸಂಜೆ ಕಡಲೆಬೇಳೆ ಬೇಯಿಸುವಲ್ಲಿಂದ ಶುರುಮಾಡಿ ಎರಡು ಪುಟ ಬರೆದೆ. ಗ್ರೀನ್ ಕಾರ್ಡ್ ಆಗಲೂ ಬಂದಿರಲಿಲ್ಲ. ಲಕೋಟೆಯ ಮೂಲೆಯಲ್ಲಿ, ಕಳಿಸುವವರ ಜಾಗದಲ್ಲಿ, ನನ್ನ ಹೆಸರು, ಮನೆಯ ವಿಳಾಸ ಎರಡನ್ನೂ ದೊಡ್ಡದಾಗಿ ಬರೆದೆ.