ಕತ್ತು ಬಗ್ಗಿಸಿ ನೋಡ್ರಕ್ಕಾ

ದೆವ್ವ ಅಂದರೆ ನಗುವವಳು ನಾನು. ಹದಿನೈದು ವರ್ಷ ನೈಟ್ ಡ್ಯೂಟಿ ಮಾಡಿದ ನರ್ಸ್. ಹೆಣ ಮಲಗಿಸಿದ ಕೋಣೆಯ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದಿದ್ದೀನಿ. ಆದರೂ ಹೇಳ್ತೀನಿ, ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ.

ಮಧುಗಿರಿ ಕಡೆಯ ಒಂದು ಸಣ್ಣ ಆಸ್ಪತ್ರೆ. ರಾತ್ರಿ ಹತ್ತರ ಹೊತ್ತಿಗೆ ಬಡವನಹಳ್ಳಿ ಹತ್ತಿರದ ಟ್ರ್ಯಾಕ್ಟರ್ ಡ್ರೈವರ್ ರಂಗಪ್ಪನನ್ನು ಅವನ ತಮ್ಮ ಆಟೋದಲ್ಲಿ ಕರೆತಂದ. ಜ್ವರ, ವಾಂತಿ, ಏನೇನೋ ಬಡಬಡಿಕೆ. ಬಾಯಲ್ಲಿ ಬ್ರಾಂದಿ ವಾಸನೆ ಗಪ್ಪೆಂದು ಹೊಡೆಯಿತು.

"ಮೂರು ದಿನದಿಂದ ಒಂದೇ ಸಮ ಕುಡೀತಾವ್ನೆ ಕಣಕ್ಕ," ಅಂದ ತಮ್ಮ. "ಇಳಿಯೋಗಂಟ ಇಲ್ಲೇ ಮಲಗ್ಲಿ ಬುಡಿ."

ನಮ್ಮ ಕಡೆ ಗಂಡಸು ಬಡಬಡಿಸಿದರೆ ಕುಡಿತ, ಹೆಂಗಸು ಬಡಬಡಿಸಿದರೆ ಗಾಳಿ. ನಾನೂ ಇದೇ ಊರಿನ ನೀರು ಕುಡಿದವಳು... ಮಹಡಿಯಲ್ಲಿ ಮಲಗಿದ್ದ ಡಾಕ್ಟರನ್ನು ಎಬ್ಬಿಸಲಿಲ್ಲ. ಡ್ರಿಪ್ ಹಾಕಿ ಮೂಲೆಯ ಮಂಚದಲ್ಲಿ ಮಲಗಿಸಿದೆ. ತಮ್ಮ ಊರಿಗೆ ಹೊರಟುಹೋದ.

ಎರಡು ಗಂಟೆ ಇರಬಹುದು. ಫ್ಯಾನ್ ಕಟಕಟ ಅನ್ನುತ್ತಿತ್ತು... ಇದ್ದಕ್ಕಿದ್ದಂತೆ ಬೇವಿನ ಹೊಗೆ, ಸುಟ್ಟ ನಿಂಬೆಹಣ್ಣಿನ ವಾಸನೆ. ತಲೆಯೆತ್ತಿದರೆ ಮೇಜಿನೆದುರು ಒಬ್ಬ ಹೆಂಗಸು. ಕೆದರಿದ ಕೂದಲು, ಹಣೆ ತುಂಬ ಅರಿಶಿನ. ಕತ್ತು ಸೆಟೆದು ಹಿಂದಕ್ಕೆ ವಾಲಿತ್ತು. ಸೂರು ನೋಡುತ್ತಲೇ ಮಾತಾಡಿದಳು.

"ಅವ್ರ ಕತ್ತು ಬಗ್ಗಿಸಿ ನೋಡ್ರಕ್ಕಾ... ಬಗ್ಗಾಕಿಲ್ಲ."

"ಯಾರಮ್ಮಾ ನೀನು?" ಅಂತ ಎದ್ದೆ. ಎದುರಿಗೆ ಯಾರೂ ಇಲ್ಲ. ಮುಂಬಾಗಿಲಿಗೆ ನಾನೇ ಹಾಕಿದ್ದ ಚಿಲಕ ಹಾಗೇ ಇತ್ತು.

ಮೂಲೆಯ ಮಂಚದ ಹತ್ತಿರ ಓಡಿದೆ. ರಂಗಪ್ಪನ ತಲೆಯಡಿ ಕೈಯಿಟ್ಟು ಎತ್ತಿದರೆ ಕತ್ತು ಬಗ್ಗಲಿಲ್ಲ. ಹಲಗೆ ಎತ್ತಿದ ಹಾಗೆ ಭುಜವೂ ಜೊತೆಗೇ ಎದ್ದು ಬಂತು. ಇದು ಕುಡಿತವಲ್ಲ, ಮೆದುಳು ಜ್ವರ! ಡಾಕ್ಟರ್ ಓಡಿ ಬಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಲ್ಲಿ ತುಮಕೂರಿಗೆ ಕಳಿಸಿದರು. ಬೆಳಗಿನ ತನಕ ಬಿಟ್ಟಿದ್ದರೆ ಉಳೀತಿರಲಿಲ್ಲ ಅಂದರು.

ತಿಂಗಳಾದ ಮೇಲೆ ರಂಗಪ್ಪ ನನ್ನನ್ನು ನೋಡೋಕೆ ಬಂದ. ಜೀವ ಉಳಿದಿತ್ತು, ಎಡಗಿವಿ ಹೋಗಿತ್ತು. ಆ ಹೆಂಗಸಿನ ಚಹರೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

"ನನ್ನೆಂಡ್ರು ಕಣಕ್ಕ. ಎರಡು ವರ್ಷ ಆಯ್ತು. ನಾನು ಪಾವಗಡದ ಕಡೆ ಕೆಲ್ಸಕ್ಕೋಗಿದ್ದೆ. ಜ್ವರದಾಗೆ ಬಡಬಡಿಸ್ತಿದ್ಲಂತೆ. ಗಾಳಿ ಸೋಕೈತೆ ಅಂತ ನಮ್ಮವ್ವ ಮೂರು ದಿನ ಗುಡಿತಾವ ಕೂರ್ಸಿದ್ಲು... ಅಲ್ಲೇ ಹೋದ್ಲು. ಈಗ ಅವ್ವನೂ ಇಲ್ಲ."

ಎಡಗಿವಿ ಮುಟ್ಟಿಕೊಂಡು ದನಿ ತಗ್ಗಿಸಿದ. "ಈ ಕಿವೀಗೆ ಏನೂ ಕೇಳ್ಸಾಕಿಲ್ಲ. ಅವಳ ದನಿ ಮಾತ್ರ ಕೇಳ್ತೈತೆ. 'ಆ ಅಕ್ಕ ನನ್ನ ಕತ್ತು ಯಾಕೆ ನೋಡ್ಲಿಲ್ಲ' ಅಂತಾಳೆ. ಅವಳು ಬದ್ಕಿದ್ದಾಗ ನೀವ್ಯಾವಾಗ ಕಂಡಿದ್ರಿ?"

ಎರಡು ವರ್ಷದ ಹಿಂದೆ ಒಂದು ಸಂಜೆ ಅತ್ತೆ-ಸೊಸೆ ಇದೇ ಮೇಜಿನ ಮುಂದೆ ನಿಂತಿದ್ದರು. ಬಡಬಡಿಸುತ್ತಿದ್ದ ಸೊಸೆಯ ಮುಖವನ್ನೂ ಸರಿಯಾಗಿ ನೋಡದೆ, ಸಾಗಹಾಕಿದರೆ ಸಾಕೆಂದು, "ಗಾಳಿ ಇರಬೇಕು, ಮೊದಲು ಗುಡಿಗೆ ಕರ್ಕೊಂಡೋಗಿ" ಅಂದವಳು ನಾನೇ. ಅಲ್ಲಿ ಬೇರೆ ಯಾರೂ ಇರಲಿಲ್ಲ; ಆ ಮಾತು ಕೇಳಿದ ಇಬ್ಬರೂ ಈಗಿಲ್ಲ.

"ಇಲ್ಲಪ್ಪಾ... ಆ ರಾತ್ರಿಗೆ ಮುಂಚೆ ನಾನು ಅವಳನ್ನ ಕಂಡಿಲ್ಲ," ಅಂತ ಸುಳ್ಳು ಹೇಳಿದೆ.

ರಂಗಪ್ಪ ಎಡಗಿವಿಯ ಕಡೆಗೆ ತಲೆ ವಾಲಿಸಿ, ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವನಂತೆ ಬಹಳ ಹೊತ್ತು ಕೂತಿದ್ದ. ಆಮೇಲೆ ನನ್ನ ಮುಖ ನೋಡದೆ ಎದ್ದು ಹೋದ...