ಸುಗಂಧಾಬಾಯಿ ಮನೆಯ ತೊಟ್ಟಿಲು

ಅರವತ್ತು ದಾಟಿದ ಸುಗಂಧಾಬಾಯಿ ಹಡೆದಿದ್ದಾರೆ ಎಂಬ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಸುದ್ದಿ ತಂದವಳು ಎದುರು ಮನೆಯ ಹುಡುಗಿ ಪೂನಮ.

"ಮನೀಷಾ ಕಾಕು, ಬಾಯಾರ ಮನ್ಯಾಗ ಕೂಸು ಹುಟ್ಟೈತಿ. ಸಂಜೀಕ ತೊಟ್ಟಲಾ ಐತಿ, ಎಲ್ಲಾರೂ ಬರ್ಬೇಕಂತ!" ಎಂದವಳೇ ಮುಂದಿನ ಮನೆಗೆ ಓಡಿದಳು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು.

ಸುಗಂಧಾಬಾಯಿಯ ಮೊಮ್ಮಗ ಕಾಲೇಜಿಗೆ ಹೋಗುತ್ತಾನೆ. ಅಂಗನವಾಡಿಯಿಂದ ನಿವೃತ್ತರಾದ ಮೇಲೆ ಸುಮ್ಮನಿರಲಾರದೆ, ಸದಲಗಾ ಊರಿನ ನಮ್ಮ ಓಣಿಯಲ್ಲಿ ಪ್ರತಿ ಐತವಾರ ತಮ್ಮ ಮನೆಯ ಕಟ್ಟೆಯ ಮೇಲೆ ಮಕ್ಕಳಿಗೆ ಬೈಬಲ್ ಕಥೆ ಹೇಳುವ ಸಂಡೇ ಸ್ಕೂಲ್ ನಡೆಸುತ್ತಾರೆ. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಅವರ ಪಾಠವೆಲ್ಲ ನನಗೂ ಪುಕ್ಕಟೆ.

ಕಳೆದ ವರ್ಷ ಯಾರೋ ದಾನಿಗಳು ಕ್ರಿಸ್‌ಮಸ್ಸಿಗೆ ಮಕ್ಕಳಿಗೆಲ್ಲ ಕಂಪಾಸ್ ಪೆಟ್ಟಿಗೆ ಕೊಟ್ಟರು. ಅಲ್ಲಿಂದ ಶುರುವಾಯಿತು ಸುಗಂಧಾಬಾಯಿಯ ಗ್ರಹಚಾರ. ಸುರಜ ಎಂಬ ಹುಡುಗ ಬೇಸಿಗೆಯಲ್ಲೇ, "ಬಾಯಾರ, ಈ ಸಲ ಏನ ಕೊಡ್ತೀರಿ?" ಎಂದು ಕೇಳತೊಡಗಿದ. ಕುರುಬರು ಬಾಲಯೇಸುವನ್ನು ನೋಡಲು ಹೋದ ಕಥೆ ಹೇಳಿದರೆ, "ಅವರಿಗೆ ಏನ ಸಿಕ್ಕಿತ್ರಿ?" ಎಂದ.

ಈ ವರ್ಷ ದಾನಿಗಳಿಲ್ಲ. ಚರ್ಚಿನ ಪಾಸ್ಟರು ಬಂದು, "ಏನೂ ಕೊಡದಿದ್ರ ಮಕ್ಕಳು ಬರೂದಿಲ್ರಿ. ಸಾಲಿ ಬಂದ್ ಮಾಡೂನು" ಎಂದರು. ಸುಗಂಧಾಬಾಯಿಗೆ ಸಿಟ್ಟು ಬಂತು. "ಹಬ್ಬ ಆದ ಮ್ಯಾಲಿನ ಐತವಾರ ಬಂದ ನೋಡ್ರಿ. ಒಂದ ಮಗು ಕಡಿಮಿ ಆದ್ರೂ ನಾನೇ ಬಾಗಲಾ ಹಾಕ್ತೀನಿ!"

ಮಾತು ಕೊಟ್ಟದ್ದಾಯಿತು. ಆಮೇಲೆ ಅವರಿಗೆ ನಿದ್ದೆಯಿಲ್ಲ. ಮುಂದಿನ ಪಾಠದಲ್ಲಿ ಮಕ್ಕಳನ್ನು ಕೇಳಿದರು: "ಕೂಸು ಹುಟ್ಟಿದ ಮನಿಗೆ ಹೋದವರು ಏನರ ಕೊಟ್ಟ ಬರ್ತಾರೋ, ಇಸಗೊಂಡ ಬರ್ತಾರೋ?"

"ಕೊಟ್ಟ ಬರ್ತಾರ್ರಿ!"

"ಮತ್ತ ಯೇಸುಸ್ವಾಮಿ ಹುಟ್ಟಿದ ದಿನ ನೀವ್ಯಾಕ ಕೈ ಚಾಚ್ತೀರಿ? ಈ ಸಲ ಆ ಕೂಸು ನಮ್ಮ ಮನ್ಯಾಗ ಹುಟ್ಟೈತಿ ಅಂತ ತಿಳೀರಿ. ಹಬ್ಬದ ದಿನ ಸಂಜೀಕ ತೊಟ್ಟಲಾ ಮಾಡೂನು. ಎಲ್ಲಾರನೂ ಕರೀರಿ."

ಎಲ್ಲಾರೂ ಎಂದರೆ ಶಾಲೆಯ ಮಕ್ಕಳೆಂದು ಬಾಯಿ ತಿಳಿದಿದ್ದರು. ಮಕ್ಕಳು ಇಡೀ ಓಣಿಯನ್ನೇ ಕರೆದರು.

ಹಾಲಿನ ಡೇರಿಯಲ್ಲಿ ಜನ ಬಾಯಿಯ ಗಂಡ ಮಾಯಪ್ಪನವರನ್ನು ಸುತ್ತುವರಿದು ಪೇಡೆ ಕೇಳಿದರು. ತಲೆಬುಡ ತಿಳಿಯದ ಅವರು, "ನನಗೇನ ಗೊತ್ತಿಲ್ರಿ. ಎಲ್ಲಾ ಆಕೀದ ಕಾರಭಾರ" ಎಂದುಬಿಟ್ಟರು. ಡೇರಿಯಲ್ಲಿ ಆ ದಿನ ಹಾಲು ಅಳೆಯುವ ಕೆಲಸವೇ ನಿಂತಿತು.

ನನ್ನ ಅತ್ತೆ ಗೌರಾಬಾಯಿ ಸುದ್ದಿಯನ್ನು ನಂಬಲಿಲ್ಲ. ಆದರೂ, "ಸುಳ್ಳಿದ್ರೂ ನೋಡಿ ಬರೂನು" ಎಂದು ತಟ್ಟೆಯಲ್ಲಿ ಕೂಸಿಗೆ ತಲೆ ಮುಚ್ಚುವ ಕುಂಚಿಗೆ, ಬಾಣಂತಿಗೆ ಒಣಕೊಬ್ಬರಿ, ಅಂಟಿನುಂಡಿ ಜೋಡಿಸಿಕೊಂಡು ಮುಂದೆ ನಡೆದರು. ಹೋಗಿ ನೋಡಿದರೆ ಪಡಸಾಲೆಯ ತುಂಬ ಹೆಂಗಸರು. ನಡುವೆ ಹುಲ್ಲು ಹಾಸಿದ ಖಾಲಿ ತೊಟ್ಟಿಲು. ಬಾಯಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಕಣ್ಣುಕಣ್ಣು ಬಿಟ್ಟರು.

"ಬಾಣಂತಿ ಹಿಂಗ ಥಂಡ್ಯಾಗ ತಿರಗ್ಯಾಡತಾರೇನ? ಹೊದ್ದಗೊಂಡ ಮಲ್ಕೋ ಹೋಗ!" ಎಂದು ಅತ್ತೆ ಗದರಿದರು.

ತಾವೇ ಹಡೆದ ಸುದ್ದಿ ಓಣಿಯಲ್ಲಿ ಹಬ್ಬಿದೆ ಎಂದು ತಿಳಿದಾಗ ಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. "ತಪ್ಪ ತಿಳೀಬ್ಯಾಡ್ರಿ. ಅವತ್ತ ಯೇಸುಸ್ವಾಮಿ ತಾಯಿಗೆ ಯಾರೂ ಜಾಗಾ ಕೊಡಲಿಲ್ಲ. ಹಡದು ಕೂಸನ್ನ ದನದ ಗೋದಲ್ಯಾಗ ಮಲಗಿಸಿದ್ಲು. ದೇವರು ನಮಗ ಕೊಟ್ಟ ದೊಡ್ಡ ಕೊಡುಗಿ ಆ ಕೂಸೇ. ಇಷ್ಟ ಈ ಮಕ್ಕಳಿಗೆ ತಿಳಸಾಕ ಹೋಗಿ ಹಿಂಗಾತ್ರಿ."

"ಅದೆಲ್ಲಾ ಖರೆ," ಎಂದರು ಅತ್ತೆ, "ಕೂಸಿಗಂತ ತಂದಿದ್ದನ್ನ ತಿರುಗಿ ಮನಿಗೆ ಒಯ್ಯಾಕ ಬರೂದಿಲ್ಲ. ಈಗೇನ ಮಾಡ್ಲಿ?"

ಪೂನಮ ಹೇಳಿದಳು: "ನಿಮ್ಮ ಹೊಲದಾಗಿನ ಕೂಸಿಗೆ ಕೊಡ್ರಿ ಆಯಿ. ಬೀಡ ಜಿಲ್ಲಾ ಕಡಿಂದ ಕಬ್ಬ ಕಡಿಯಾಕ ಬಂದಾಕಿ ಗುಡಸಲದಾಗ ಹಡದಾಳ. ಯಾರೂ ನೋಡಾಕ ಹೋಗಿಲ್ಲ."

ಅತ್ತೆ ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟರು.

ತಟ್ಟೆ ಹಿಡಿದ ಹೆಂಗಸರು, ಮುಂದೆ ಮಕ್ಕಳು, ಎಲ್ಲರೂ ಕಬ್ಬಿನ ಹೊಲಕ್ಕೆ ಹೋದೆವು. ಗುಡಿಸಲಿನ ಪಕ್ಕದಲ್ಲೇ ಎತ್ತುಗಳನ್ನು ಕಟ್ಟಿದ್ದರು. ಒಳಗೆ ಕಬ್ಬಿನ ಒಣಗರಿ ಹಾಸಿ, ಮೇಲೆ ಹಳೇ ಕೌದಿ ಹಾಕಿ ಕೂಸನ್ನು ಮಲಗಿಸಿದ್ದರು. ಇಷ್ಟೊಂದು ಜನರನ್ನು ನೋಡಿ ಆ ತಾಯಿ ಬೆದರಿ ಎದ್ದು ಕೂತಳು. ಅತ್ತೆ ಅವಳ ಪಕ್ಕ ನೆಲದಲ್ಲೇ ಕೂತು ಕೂಸಿಗೆ ಕುಂಚಿಗೆ ಕಟ್ಟಿದರು. ಬಾಯಿ ಬಾಗಿಲಲ್ಲಿ ನಿಂತಿದ್ದರು. ಜನ್ಮದಲ್ಲಿ ಮೊದಲ ಸಲ ಪಾಠ ಹೇಳಲು ಮರೆತಿದ್ದರು. ಸುರಜ ಚೀಲದಿಂದ ಹೋದ ವರ್ಷದ ಕಂಪಾಸ್ ಪೆಟ್ಟಿಗೆ ತೆಗೆದು ಕೂಸಿನ ಬದಿಗಿಟ್ಟ. "ದೊಡ್ಡಾಂವ ಆದಮ್ಯಾಗ ಬೇಕಾಗತೈತಿ" ಎಂದ. ಅದು ಹೆಣ್ಣು ಕೂಸು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಹಬ್ಬವಾದ ಮೇಲಿನ ಐತವಾರ ಪಾಸ್ಟರು ಬಂದು ನಿಂತರು. ಗೋಡೆಯ ಈಚೆಯಿಂದ ನಾನೂ ಅತ್ತೆಯೂ ಇಣುಕುತ್ತ ನಿಂತೆವು. ಮಕ್ಕಳೆಲ್ಲ ಬಂದರು, ಸುರಜ ಮಾತ್ರ ಇಲ್ಲ. ಬಾಯಿ ಮೂರು ಸಲ ಬೀದಿಗೆ ಹೋಗಿ ನೋಡಿದರು. ಕೊನೆಗೆ ಅವನು ಏದುಸಿರು ಬಿಡುತ್ತ ಓಡಿ ಬಂದು ಕೂತ, ಕೂತವನೇ ಕೈ ಎತ್ತಿದ. ಮತ್ತೆ ಅದೇ ಪ್ರಶ್ನೆಯೆಂದು ಬಾಯಿಯ ಮುಖ ಸಣ್ಣದಾಯಿತು.

"ಬಾಯಾರ, ಕೂಸಿನ್ನ ನೋಡಿ ಬಂದ್ನಿರಿ, ಅದಕ್ಕ ತಡಾ ಆತು. ಕಬ್ಬ ಮುಗದ್ರ ಅದು ಊರಿಗೆ ಹೋಗತೈತಂತ. ಮುಂದಿನ ಕ್ರಿಸ್‌ಮಸ್ಸಿಗೆ ಕೂಸಿನ್ನ ಎಲ್ಲಿ ಹುಡುಕೂನ್ರಿ?"

ಸುಗಂಧಾಬಾಯಿ ತಿರುಗಿ ಪಾಸ್ಟರ ಮುಖ ನೋಡಿದರು.

"ಬಾಗಲಾ ಹಾಕ್ಲೇನ್ರಿ?"